ಒಲೆಯ ಹೊಗೆಯೂ ಕೂಸಿನ ತೂಕವೂ

ಕೂಸು ಹುಟ್ಟಿದ ಮನೆಗೆ ಹೋದವರು ಮೊದಲು ಕೇಳುವುದು ಗಂಡೋ ಹೆಣ್ಣೋ ಎಂದು. ಆ ಬಳಿಕ ಬಾಣಂತಿಯ ಯೋಗಕ್ಷೇಮ, ಆಮೇಲೆ ಕೂಸು ಯಾರನ್ನು ಹೋಲುತ್ತದೆ ಎಂಬ ಚರ್ಚೆ. ಕೂಸಿನ ತೂಕವೆಷ್ಟು ಎಂದು ಕೇಳುವವರು ವಿರಳ. ಅದು ದಾದಿಯು ತಾಯಿ ಕಾರ್ಡಿನಲ್ಲಿ ಬರೆದಿಟ್ಟ ಒಂದು ಅಂಕಿ. ಕಾರ್ಡು ಟ್ರಂಕಿನ ತಳ ಸೇರಿದರೆ ಅಂಕಿಯೂ ಅಲ್ಲಿಯೇ ಉಳಿಯುತ್ತದೆ. ಆದರೆ ತಾಯಿಯು ಒಂಬತ್ತು ತಿಂಗಳು ಉಂಡದ್ದು, ದುಡಿದದ್ದು, ಉಸಿರಾಡಿದ್ದು ಎಲ್ಲವೂ ಆ ಒಂದು ಅಂಕಿಯೊಳಗೆ ಅಡಗಿದೆ. ಬಸುರಿಯ ಊಟದ ವಿಷಯವನ್ನು ನಮ್ಮ ಮನೆಗಳಲ್ಲಿ ಒಂದಲ್ಲ ಒಂದು ರೀತಿ ಮಾತಾಡುತ್ತೇವೆ. ಕುಬಸದ ದಿನ ಬಯಕೆಯ ಊಟವನ್ನು ಊರಿಗೆಲ್ಲ ಹಂಚುತ್ತೇವೆ. ಆಕೆಯ ಉಸಿರಿನ ವಿಷಯವನ್ನು ಮಾತ್ರ ಮಾತಾಡಿದ್ದು ಕಡಿಮೆ. ಆದ್ದರಿಂದ ಅದರ ಕುರಿತು ಓದುಗ ಬಂಧುಗಳೊಡನೆ ಇಲ್ಲಿ ಸ್ವಲ್ಪ ವಿವರವಾಗಿ ವಿಚಾರ ಮಾಡಬೇಕೆಂದಿದ್ದೇವೆ.

ಹುಟ್ಟುವಾಗ ಎರಡೂವರೆ ಕಿಲೋ, ಎಂದರೆ 2500 ಗ್ರಾಂಗಿಂತ ಕಡಿಮೆ ತೂಗುವ ಶಿಶುವನ್ನು ಕಡಿಮೆ ತೂಕದ ಶಿಶುವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಹುಟ್ಟಿದಾಗ ತೂಕ ಮಾಡಿದ ಪ್ರತಿ ನೂರು ಮಕ್ಕಳಲ್ಲಿ ಸುಮಾರು ಹದಿನೆಂಟು ಮಕ್ಕಳು ಈ ಗೆರೆಯ ಕೆಳಗೆ ಇದ್ದವು. ಇಂಥ ಕೂಸಿಗೆ ಮೈ ತಣ್ಣಗಾಗುವ, ಸೋಂಕು ತಗಲುವ, ಮೊಲೆಯುಣ್ಣಲು ಶಕ್ತಿ ಸಾಲದಿರುವ ಭಯ ಹೆಚ್ಚು. ಈ ಭಯ ಶೈಶವದೊಡನೆ ಮುಗಿಯುವುದೂ ಇಲ್ಲ. ಮೈಸೂರಿನ ಮಿಶನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರ ತೂಕದ ದಾಖಲೆಗಳನ್ನು ಜೋಪಾನವಾಗಿ ಕಾಯ್ದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಅವರಲ್ಲಿ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ವರದಿಯಂತೆ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನರಿಗೆ ಹೃದಯದ ರಕ್ತನಾಳದ ಬೇನೆ ಇತ್ತು, 3.1 ಕಿಲೋ ಮೀರಿ ಹುಟ್ಟಿದವರಲ್ಲಿ ಅದು ಶೇ. 3 ಮಾತ್ರ. ಆಸ್ಪತ್ರೆಯ ಯಾವುದೋ ದಾದಿ ಆ ಕಾಲದಲ್ಲಿ ಬರೆದಿಟ್ಟ ಅಂಕಿ ಐವತ್ತು ವರ್ಷಗಳ ಮೇಲೆ ಹೃದ್ರೋಗದ ಸುಳಿವು ಕೊಟ್ಟಿತೆಂದರೆ, ತಾಯಿ ಕಾರ್ಡನ್ನು ಎಸೆಯಬಾರದೆಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಘಟಪ್ರಭೆಯ ನೀರುಂಡ ನೆಲ ಇದು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಆಣೆಕಟ್ಟು, ಮುಂದೆ ಗೋಕಾಕದಲ್ಲಿ ಜಲಪಾತ, ಅದರ ಕೆಳಗೆ ಕಾಲುವೆಗಳ ನೀರಾವರಿ. ಮೊದಲು ಗೋಕಾಕದೊಳಗೇ ಇದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯ ಕಡೆ ಹೋದರೆ ಕಣ್ಣು ಹಾಯ್ದಷ್ಟು ದೂರ ಕಬ್ಬು, ನಡುನಡುವೆ ಗೋವಿನಜೋಳ. ಆಧುನಿಕತೆ ಇಲ್ಲಿಗೆ ತಡವಾಗಿ ಬಂದದ್ದೇನೂ ಅಲ್ಲ. ಗೋಕಾಕ ಫಾಲ್ಸಿನ ನೀರಿನ ಬಲದಿಂದ ನೂಲಿನ ಗಿರಣಿ ಎದ್ದದ್ದು 1880ರ ದಶಕದಲ್ಲಿ. ಹುಕ್ಕೇರಿಯ ರೈತರು ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡದ್ದು 1969ರಲ್ಲಿ. ಹೀಗೆ ಮಗ್ಗಕ್ಕೂ ಪಂಪ್‌ಸೆಟ್ಟಿಗೂ ಹೊಸ ಶಕ್ತಿ ಬಂದು ಎಷ್ಟೋ ದಶಕಗಳು ಕಳೆದ ಮೇಲೆಯೂ ಅಡುಗೆಮನೆಯ ಒಲೆಗೆ ಮಾತ್ರ ಹತ್ತಿಕಟ್ಟಿಗೆ, ಕುಳ್ಳು, ಗೋವಿನಜೋಳದ ಬೆಂಡು, ಜಾಲಿಯ ಕೊಂಪೆಗಳೇ ಗತಿಯಾಗಿದ್ದವು. ಗಂಡಸರ ಕೆಲಸಕ್ಕೆ ಯಂತ್ರ ಮೊದಲು ಬಂತು, ಹೆಂಗಸರ ಕೆಲಸಕ್ಕೆ ಕೊನೆಗೆ ಬಂತು ಎಂದರೆ ಯಾರೂ ಸಿಟ್ಟಾಗಬಾರದು. ಕಂಡದ್ದನ್ನು ಹೇಳುತ್ತಿದ್ದೇವೆ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಪರಿಸ್ಥಿತಿ ಬಹಳ ಬದಲಾಯಿತು. ಮೇಲೆ ಹೇಳಿದ ಸಮೀಕ್ಷೆಯಂತೆ ಕರ್ನಾಟಕದ ನೂರರಲ್ಲಿ ಸುಮಾರು ಎಂಬತ್ತು ಮನೆಗಳು ಅಡುಗೆಗೆ ಗ್ಯಾಸಿನಂಥ ಶುದ್ಧ ಇಂಧನವನ್ನೇ ಮುಖ್ಯವಾಗಿ ಬಳಸುತ್ತಿದ್ದವು. ಸಂತೋಷದ ಸಂಗತಿ. ಆದರೆ 'ಮುಖ್ಯವಾಗಿ' ಎಂಬ ಮಾತನ್ನು ಗಮನಿಸಬೇಕು. ಕೊಪ್ಪಳ ಜಿಲ್ಲೆಯ ಸಿಲಿಂಡರ್ ಮಾರಾಟದ ಲೆಕ್ಕವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಉಜ್ವಲಾ ಸಂಪರ್ಕ ಪಡೆದ ಮನೆಗಳು ವರ್ಷಕ್ಕೆ ತರಿಸುತ್ತಿದ್ದ ಸಿಲಿಂಡರುಗಳು ಪೂರ್ತಿ ಅಡುಗೆಗೆ ಬೇಕಾದುದಕ್ಕಿಂತ ಬಹಳ ಕಡಿಮೆ ಎಂದು ತೋರಿಸಿತು. ನಾವು ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ಚಹಾ, ಪಲ್ಯ, ಅನ್ನ ಗ್ಯಾಸಿನ ಮೇಲೆ; ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೆ. ಜೋಳದ ರೊಟ್ಟಿಯನ್ನು ಕೆಂಡದ ಬದಿಗೆ ನಿಲ್ಲಿಸಿ ಉಬ್ಬಿಸಿದರೆ ಬರುವ ರುಚಿ ಗ್ಯಾಸಿನಲ್ಲಿ ಬರುವುದಿಲ್ಲವೆಂದು ಮನೆಯ ಯಜಮಾನನ ತಕರಾರು. ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ಮನೆಯಲ್ಲಿ ಒಲೆಯ ಮುಂದೆ ಒಂದೂವರೆ ತಾಸು ಕೂಡಬೇಕಾದವಳು ಸೊಸೆ. ಅವಳು ಬಸುರಿಯಾಗಿದ್ದರೂ ಅಷ್ಟೇ, ಆಗದಿದ್ದರೂ ಅಷ್ಟೇ.

ಇದಲ್ಲದೆ ಲೆಕ್ಕಕ್ಕೆ ಬಾರದ ಇನ್ನೊಂದು ಒಲೆ ಇದೆ. ಅದು ಬಚ್ಚಲದ ಒಲೆ. ಅಡುಗೆಗೆ ಏನು ಬಳಸುತ್ತೀರಿ ಎಂದು ಸಮೀಕ್ಷೆಯವರು ಕೇಳಿದರೆ ಗ್ಯಾಸ್ ಎಂದು ಉತ್ತರ ಬರುತ್ತದೆ, ಸುಳ್ಳೇನಲ್ಲ. ಆದರೆ ನಸುಕಿನ ನಾಲ್ಕೂವರೆಗೆ ಎದ್ದು ಮನೆಮಂದಿಗೆಲ್ಲ ಹಂಡೆಯ ನೀರು ಕಾಯಿಸಲು ಉರಿಹಾಕುವವಳ ಮುಂದೆ ಇರುವುದು ಹಸಿ ಕಟ್ಟಿಗೆ, ಕಬ್ಬಿನ ರವದಿ, ಕೆಲವೊಮ್ಮೆ ಪ್ಲಾಸ್ಟಿಕ್ಕಿನ ಚೀಲ ಮತ್ತು ಹರಿದ ಚಪ್ಪಲಿ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಊದುಗೊಳವಿ ಹಿಡಿದು ಅರ್ಧ ತಾಸು ಊದುವ ಬಸುರಿಯು ಆ ದಿನದ ಹೊಗೆಯ ಬಹುಪಾಲನ್ನು ಸೂರ್ಯ ಹುಟ್ಟುವ ಮುನ್ನವೇ ನುಂಗಿರುತ್ತಾಳೆ.

ಈ ಹೊಗೆ ಗರ್ಭದಲ್ಲಿರುವ ಕೂಸಿಗೆ ಮುಟ್ಟುವುದಾದರೂ ಹೇಗೆ? ತಾಯಿಯ ಎದೆಯೊಳಗಿನ ಹೊಗೆಗೂ ಹೊಟ್ಟೆಯೊಳಗಿನ ಕೂಸಿಗೂ ಏನು ಸಂಬಂಧ ಎಂದು ವಿದ್ಯಾವಂತರೂ ಕೇಳುವುದುಂಟು. ಉತ್ತರ ಎರಡು ಬಗೆಯದು. ಒಂದು, ಕಟ್ಟಿಗೆ ಸರಿಯಾಗಿ ಉರಿಯದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊತ್ತು ತಿರುಗುವ ಬಂಡಿಯಿದ್ದಂತೆ. ಆ ಬಂಡಿಯನ್ನು ಹತ್ತುವುದರಲ್ಲಿ ಈ ಅನಿಲ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಕ್ಕ ಚುರುಕು. ಹತ್ತಿದ ಮೇಲೆ ಬೇಗ ಇಳಿಯುವುದೂ ಇಲ್ಲ. ತಾಯಿಯ ರಕ್ತದ ಬಂಡಿಗಳಲ್ಲಿ ಕೆಲವು ಹೀಗೆ ತುಂಬಿಹೋದರೆ ಕೂಸಿಗೆ ತಲುಪುವ ಪ್ರಾಣವಾಯು ಅಷ್ಟರಮಟ್ಟಿಗೆ ಕಡಿಮೆಯಾಯಿತು. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ನಲವತ್ತೈದು ಜನ ರಕ್ತಹೀನತೆಯಿಂದ ಬಳಲುತ್ತಾರೆಂದು ಅದೇ ಸಮೀಕ್ಷೆ ಹೇಳುತ್ತದೆ. ಮೊದಲೇ ಬಂಡಿಗಳು ಕಡಿಮೆ, ಇದ್ದವುಗಳಲ್ಲಿಯೂ ಕೆಲವು ಹೊಗೆಯ ಪಾಲು!

ಎರಡನೆಯದು ಕಣ್ಣಿಗೆ ಕಾಣದ ಕಣಗಳು. ಪಿಎಂ 2.5 ಎಂದು ಇವುಗಳನ್ನು ಕರೆಯುತ್ತಾರೆ. ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣವು. ಇವು ಮೂಗಿನಲ್ಲಿ ಸೋಸಿಹೋಗುವುದಿಲ್ಲ, ಕೆಮ್ಮಿದರೆ ಹೊರಬೀಳುವುದಿಲ್ಲ. ಶ್ವಾಸಕೋಶದ ತುದಿಯವರೆಗೆ ಇಳಿದು, ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಮಾಸು ಒಂದು ಗೋಡೆಯಂತೆ ಕೂಸನ್ನು ಇವುಗಳಿಂದ ಕಾಯುತ್ತದೆಯೆಂಬ ನಂಬಿಕೆ ಬಹುಕಾಲ ಇತ್ತು. ಬೆಲ್ಜಿಯಂ ದೇಶದ ಹ್ಯಾಸೆಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹೆರಿಗೆಯಾದ ತಾಯಂದಿರ ಮಾಸನ್ನು ಪರೀಕ್ಷಿಸಿ, ಕೂಸಿನ ಕಡೆಯ ಮಗ್ಗುಲಲ್ಲಿಯೂ ಮಸಿಯ ಕಣಗಳಿರುವುದನ್ನು ತೋರಿಸಿಕೊಟ್ಟರು. ಗೋಡೆಯೆಂದುಕೊಂಡದ್ದು ಜಾಲರಿಯಾಗಿತ್ತು. ಈ ಕಣಗಳಿಂದ ತಾಯಿಯ ಮೈಯಲ್ಲಿ ಉರಿಯೂತ ಹೆಚ್ಚಿ, ಮಾಸಿನ ರಕ್ತನಾಳಗಳು ಸರಿಯಾಗಿ ಬೆಳೆಯದೆ, ಹೊಕ್ಕುಳಬಳ್ಳಿಯ ಮೂಲಕ ಸಾಗುವ ಆಹಾರ ಕುಗ್ಗುತ್ತದೆಂದು ವೈದ್ಯರು ವಿವರಿಸುತ್ತಾರೆ.

ಈ ವಿಷಯದಲ್ಲಿ ಬೆಳಗಾವಿ ಜಿಲ್ಲೆಯ ತಾಯಂದಿರ ಪಾಲು ದೊಡ್ಡದು. ಇದನ್ನು ನಮ್ಮವರು ಅಷ್ಟಾಗಿ ಅರಿತಿಲ್ಲ. ಸಪ್ತರ್ಷಿಗಳೆಂದು ನಾವೆಲ್ಲ ಗೌರವಿಸುವ ಏಳು ಜನ ಶಿಕ್ಷಕರು 1916ರಲ್ಲಿ ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಆ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಹಳ್ಳಿಯ ಹೆರಿಗೆಗಳ ಮೇಲೆ ನಡೆಸಿದ ಅಧ್ಯಯನಗಳು ಜಗತ್ತಿಗೇ ಉಪಯೋಗವಾಗಿವೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ಅಗ್ಗದ ಗುಳಿಗೆಯೊಂದರಿಂದ ಸುಮಾರು ಅರ್ಧಕ್ಕೆ ಇಳಿಸಬಹುದೆಂದು 2006ರಲ್ಲಿ ಲೋಕಕ್ಕೆ ತಿಳಿದದ್ದು ನಮ್ಮ ಜಿಲ್ಲೆಯ 1620 ಗ್ರಾಮೀಣ ತಾಯಂದಿರಿಂದ. ಅದೇ ಬಳಗವು ಅನ್ಯದೇಶಗಳ ಸಂಸ್ಥೆಗಳೊಡನೆ ಸೇರಿ, ಹಳ್ಳಿಗಳ ಪ್ರತಿ ಬಸುರಿಯ ಹೆಸರನ್ನು ನೋಂದಾಯಿಸಿ ಹೆರಿಗೆಯ ನಂತರ ಆರು ವಾರಗಳವರೆಗೆ ತಾಯಿ ಮಕ್ಕಳ ಸ್ಥಿತಿಯನ್ನು ಬರೆದಿಡುವ ದಾಖಲೆಯನ್ನು ನಡೆಸಿಕೊಂಡು ಬಂದಿದೆ. ಭಾರತ, ಪಾಕಿಸ್ತಾನ, ಕೆನ್ಯಾ, ಝಾಂಬಿಯಾ, ಗ್ವಾಟೆಮಾಲಾ ಈ ಐದು ದೇಶಗಳ ಅರವತ್ತು ಸಾವಿರಕ್ಕೂ ಮಿಕ್ಕ ಹೆರಿಗೆಗಳ ಇಂಥ ದಾಖಲೆಯಿಂದ 2015ರಲ್ಲಿ ಒಂದು ಅಧ್ಯಯನ ಹೊರಬಂತು. ಕಟ್ಟಿಗೆ, ಕುಳ್ಳು, ಇದ್ದಲಿ, ಸೀಮೆಎಣ್ಣೆಗಳಲ್ಲಿ ಅಡುಗೆ ಮಾಡುವ ಮನೆಗಳಲ್ಲಿ, ಗ್ಯಾಸು ವಿದ್ಯುತ್ತು ಬಳಸುವ ಮನೆಗಳಿಗಿಂತ, ಹೆರಿಗೆಯ ಆಸುಪಾಸಿನಲ್ಲಿ ಕೂಸು ತೀರಿಕೊಳ್ಳುವುದು ಹೆಚ್ಚು ಎಂಬುದು ಅದರ ಸಾರ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳ ಹೆಸರಿಲ್ಲದ ಎಷ್ಟೋ ಕೂಸುಗಳೂ ಸೇರಿವೆ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು. ಕಟ್ಟಿಗೆಯ ಮನೆ ಎಂದರೆ ಸಾಮಾನ್ಯವಾಗಿ ಬಡವರ ಮನೆ. ಅಲ್ಲಿ ಹಾಲು ಬೇಳೆ ಕಡಿಮೆ, ದುಡಿತ ಹೆಚ್ಚು, ದವಾಖಾನೆ ದೂರ. ಕೂಸು ಸಣ್ಣದಾದುದು ಹೊಗೆಯಿಂದಲೋ ಬಡತನದಿಂದಲೋ ಎಂದು ಬೇರ್ಪಡಿಸುವುದು ಹೇಗೆ? ಇದಕ್ಕಾಗಿಯೇ ಒಂದು ದೊಡ್ಡ ಪ್ರಯೋಗ ನಡೆಯಿತು. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾ ಈ ನಾಲ್ಕು ಕಡೆಗಳಲ್ಲಿ 3200 ಬಸುರಿಯರನ್ನು ಆಯ್ದು, ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಗ್ಯಾಸಿನ ಒಲೆಯನ್ನೂ ಹದಿನೆಂಟು ತಿಂಗಳು ಪುಕ್ಕಟೆ ಸಿಲಿಂಡರನ್ನೂ ಮನೆಗೇ ತಲುಪಿಸಿದರು. ಇನ್ನೊಂದು ಪಂಗಡ ತಮ್ಮ ಹಳೆಯ ಒಲೆಯಲ್ಲಿಯೇ ಉಳಿಯಿತು. ಫಲಿತಾಂಶ ಬಂದದ್ದು 2022ರಲ್ಲಿ. ಹಳೆಯ ಒಲೆಯ ಪಂಗಡದ ಬಸುರಿಯು ಉಸಿರಾಡುವ ಗಾಳಿಯಲ್ಲಿ ಘನಮೀಟರಿಗೆ ಸುಮಾರು 71 ಮೈಕ್ರೋಗ್ರಾಂ ಸೂಕ್ಷ್ಮಕಣಗಳಿದ್ದರೆ, ಗ್ಯಾಸಿನ ಪಂಗಡದಲ್ಲಿ ಅದು 24ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷದ ಸರಾಸರಿಗೆ ಇಟ್ಟ ಮಿತಿ ಕೇವಲ 5, ನಮ್ಮ ದೇಶದ 2009ರ ಮಾನದಂಡ 40 ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಇಳಿಕೆಯ ಬೆಲೆ ತಿಳಿಯುತ್ತದೆ. ಆದರೆ ಕೂಸುಗಳ ತೂಕ? ಗ್ಯಾಸಿನ ಪಂಗಡದಲ್ಲಿ ಸರಾಸರಿ 2921 ಗ್ರಾಂ, ಕಟ್ಟಿಗೆಯ ಪಂಗಡದಲ್ಲಿ 2898 ಗ್ರಾಂ. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಖಚಿತವಾದ ಅಂತರವಿಲ್ಲ ಎಂದು ಸಂಶೋಧಕರು ಪ್ರಾಮಾಣಿಕವಾಗಿ ಬರೆದರು.

ಇದನ್ನು ಓದಿದ ಕೆಲವರು, ಹಾಗಾದರೆ ಹೊಗೆಯ ಮಾತೆಲ್ಲ ಸುಳ್ಳು ಎಂದುಬಿಟ್ಟರು. ನಮಗೆ ಹಾಗೆನ್ನಿಸುವುದಿಲ್ಲ. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯ ಕಲ್ಪನಾ ಬಾಲಕೃಷ್ಣನ್ ಅವರ ತಂಡ ತಮಿಳುನಾಡಿನ 1285 ತಾಯಂದಿರನ್ನು ಅಭ್ಯಸಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಗಾಳಿಯಲ್ಲಿ ಪ್ರತಿ 10 ಮೈಕ್ರೋಗ್ರಾಂ ಸೂಕ್ಷ್ಮಕಣ ಹೆಚ್ಚಿದರೆ ಕೂಸಿನ ತೂಕ 4 ಗ್ರಾಂ ಇಳಿಯುತ್ತದೆ. ಇದೇ ಲೆಕ್ಕವನ್ನು ಮೇಲಿನ ಪ್ರಯೋಗಕ್ಕೆ ಅನ್ವಯಿಸಿ ನೋಡೋಣ. 71ರಿಂದ 24ಕ್ಕೆ ಇಳಿದದ್ದು 47. ನಾಲ್ಕರಂತೆ ಲೆಕ್ಕ ಹಾಕಿದರೆ 19 ಗ್ರಾಂ. ಪ್ರಯೋಗದಲ್ಲಿ ಕಂಡ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎರಡೂ ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಹೊಗೆಯ ಪೆಟ್ಟು ಒಂದು ಕೂಸಿನ ಮಟ್ಟಿಗೆ ಸಣ್ಣದು ಎನ್ನುತ್ತಿವೆ. ಅದಲ್ಲದೆ ಆ ಬಸುರಿಯರಿಗೆ ಗ್ಯಾಸು ಸಿಕ್ಕದ್ದು ಗರ್ಭ ನಿಂತು ಕೆಲವು ತಿಂಗಳು ಕಳೆದ ಮೇಲೆ. ಅದಕ್ಕೆ ಹಿಂದಿನ ಹೊಗೆಯನ್ನು ಯಾರೂ ಹಿಂತೆಗೆಯಲಾರರು. ನೆರೆಮನೆಯ ಒಲೆಯ ಹೊಗೆಯೂ ನಿಂತಿರಲಿಲ್ಲ. ಹತ್ತಿಪ್ಪತ್ತು ಗ್ರಾಂ ಎಂದರೆ ಒಂದು ಚಮಚೆಯ ಭಾರ ಎಂದು ನಗಬಹುದು. ಆದರೆ 2490 ಗ್ರಾಂ ತೂಗುವ ಕೂಸಿಗೆ ಆ ಚಮಚೆಯೇ ಗೆರೆಯ ಈಚೆಗೋ ಆಚೆಗೋ ಎಂಬುದನ್ನು ನಿರ್ಧರಿಸುತ್ತದೆ.

ಇದರಿಂದ ನಾವು ತಿಳಿಯಬೇಕಾದ ಇನ್ನೊಂದು ಮಾತೂ ಇದೆ. ಗ್ಯಾಸು ತಂದುಕೊಟ್ಟೆವು, ನಮ್ಮ ಕರ್ತವ್ಯ ಮುಗಿಯಿತು ಎಂದು ಅತ್ತೆ ಮಾವಂದಿರೂ ಗಂಡನೂ ಕೈತೊಳೆದುಕೊಳ್ಳುವಂತಿಲ್ಲ. ಕೂಸಿನ ತೂಕವನ್ನು ಇಳಿಸುವವರಲ್ಲಿ ಹೊಗೆ ಒಬ್ಬ ಕಳ್ಳ ಮಾತ್ರ, ಅವನ ಸಂಗಡಿಗರು ಹಲವರು. ತಾಯಿಯ ಎಳೆವಯಸ್ಸು, ರಕ್ತಹೀನತೆ, ಒಂದರ ಬೆನ್ನಿಗೇ ಇನ್ನೊಂದು ಬಸಿರು ಇವೆಲ್ಲ ಹೊಗೆಗಿಂತ ಬಲವಾದವರು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವಾದೀತೆಂದು ಏಳನೆಯ ತಿಂಗಳಿನಿಂದ ಬಸುರಿಯ ಊಟ ಕಡಿಮೆ ಮಾಡಿಸುವ ಪದ್ಧತಿ ಕೆಲವು ಮನೆಗಳಲ್ಲಿ ಈಗಲೂ ಉಳಿದಿದೆ. ಇದು ದೊಡ್ಡ ಅಪಾಯ. ಇಪ್ಪತ್ತೆಂಟನೆಯ ವಾರದಲ್ಲಿ ಸುಮಾರು ಒಂದು ಕಿಲೋ ಇರುವ ಕೂಸು ಮೂರು ಕಿಲೋ ಆಗಬೇಕಾದುದು ಆ ಕೊನೆಯ ಮೂರು ತಿಂಗಳಲ್ಲಿಯೇ. ನಿಪ್ಪಾಣಿಯ ತಂಬಾಕಿನ ನೆರೆಯಲ್ಲಿರುವ ನಮ್ಮ ಸೀಮೆಯಲ್ಲಿ ತಂಬಾಕನ್ನು ಹಂಚಿನ ಮೇಲೆ ಹುರಿದು ಮಶೇರಿ ಮಾಡಿ ಹಲ್ಲಿಗೆ ತಿಕ್ಕುವ ಚಟ ಹೆಂಗಸರಲ್ಲಿಯೂ ಇದೆ. ಮುಂಬಯಿಯ 1217 ಬಸುರಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು, ಹೊಗೆಯಿಲ್ಲದ ತಂಬಾಕನ್ನು ಬಳಸುವ ತಾಯಿಯ ಕೂಸು ಸರಾಸರಿ 105 ಗ್ರಾಂ ಕಡಿಮೆ ತೂಗುತ್ತದೆಂದು ತೋರಿಸಿದೆ. ಬೆಳಿಗ್ಗೆ ಮಶೇರಿ ಹಚ್ಚಿಕೊಂಡು ಒಲೆಯ ಮುಂದೆ ಕುಳಿತವಳ ಹೊಟ್ಟೆಯ ಕೂಸಿಗೆ ಪೆಟ್ಟು ಎರಡು ಕಡೆಯಿಂದ.

ಹುಕ್ಕೇರಿಯ ಕಡೆಯ ಹಳ್ಳಿಯೊಂದರಲ್ಲಿ ಈ ಮಾತುಗಳನ್ನು ಪ್ರಸ್ತಾಪಿಸಿದಾಗ ಹಿರಿಯ ತಾಯಿಯೊಬ್ಬಳು ನಮ್ಮನ್ನು ತಡೆದಳು. "ಏನ್ ಹೇಳ್ತೀರಿ ಗುರುಗಳ, ನಾವೇನು ಗ್ಯಾಸಿನ ಮುಂದ ಕುಂತು ಹಡದೇವೇನ್ರಿ? ಇದ ಒಲಿ, ಇದ ಹೊಗಿ. ಆರು ಹಡದೇನಿ ನಾ" ಎಂದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ, ಹೆಮ್ಮೆಯೂ ಸಹಜವೇ. ಆರೂ ಮಕ್ಕಳು ಸುಖವಾಗಿದ್ದಾರೆಯೇ ತಾಯಿ ಎಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಕು ಉಳದಾವ್ರೀ" ಎಂದಳು. ಆ ಬಳಿಕ ಸೊಸೆಯ ಕಡೆ ತಿರುಗಿ ನೋಡಿದಳು. ಆ ಎರಡು ಕೂಸುಗಳು ಹೋದದ್ದು ಹೊಗೆಯಿಂದಲೇ ಎಂದು ನಾವು ಹೇಳುವುದಿಲ್ಲ, ಯಾರೂ ಹೇಳಲಾರರು. ಅತ್ತೆಯಂದಿರನ್ನು ಈ ವಿಷಯದಲ್ಲಿ ದೂಷಿಸುವುದೂ ನಮಗೆ ಸರಿಯೆನಿಸದು. ಅವರೂ ಅದೇ ಹೊಗೆಯಲ್ಲಿ ಸೊಸೆಯರಾಗಿದ್ದವರು.

ಗಾಳಿಯ ವಿಷಯದಲ್ಲಿ ಒಲೆಯ ಮಾತು ಮುಗಿಸಿ ಹೊರಗೆ ಬಂದರೆ ಕಾಣುವುದು ರವದಿಯ ಹೊಗೆ. ಕಬ್ಬು ಕಡಿಯುವ ಹಂಗಾಮು ನವೆಂಬರಿನ ಸುಮಾರಿಗೆ ತೊಡಗಿ ಬೇಸಿಗೆಯ ಮೊದಲವರೆಗೆ ನಡೆಯುತ್ತದೆ. ಚಳಿಗಾಲದ ಸಂಜೆಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಕವುಚಿಕೊಂಡು ಹೊಗೆ ಮೇಲೇರುವುದಿಲ್ಲ. ಕಡಿದ ಹೊಲದ ರವದಿಗೆ ಅದೇ ಹೊತ್ತಿನಲ್ಲಿ ಬೆಂಕಿ ಹಚ್ಚಿದರೆ ಊರಿಗೆ ಊರೇ ಒಂದು ಅಡುಗೆಮನೆಯಾಗುತ್ತದೆ. ಮನೆಯಲ್ಲಿ ಗ್ಯಾಸು ಇದ್ದವಳೂ ತಪ್ಪಿಸಿಕೊಳ್ಳಲಾರಳು. ರವದಿಯನ್ನು ಸುಡದೆ ಸಾಲುಗಳ ನಡುವೆ ಹರಡಿದರೆ ಕುಳೆ ಬೆಳೆಗೆ ತೇವವೂ ಉಳಿಯುತ್ತದೆ, ಕಸವೂ ಕಡಿಮೆ, ಕೊಳೆತ ಮೇಲೆ ಗೊಬ್ಬರವೂ ಆಗುತ್ತದೆ. ರವದಿ ಕತ್ತರಿಸುವ ಯಂತ್ರಗಳೂ ಬಂದಿವೆ. ಬೆಂಕಿಕಡ್ಡಿಯಷ್ಟು ಅಗ್ಗವಲ್ಲ ಎಂಬುದನ್ನು ಬಲ್ಲೆವು. ಬೆಲ್ಲದ ಗಾಣಗಳ ಕೆಲವು ಕುಲುಮೆಗಳಲ್ಲಿ ಸಿಪ್ಪೆಯೊಡನೆ ಹಳೆಯ ಟಾಯರಿನ ತುಂಡುಗಳನ್ನು ಹಾಕುವುದೂ ನಮ್ಮ ಕಣ್ಣಿಗೆ ಬಿದ್ದಿದೆ. ಆ ಕಪ್ಪುಹೊಗೆಗಿಂತ ಕೆಟ್ಟದ್ದು ಇನ್ನಾವುದಿದ್ದೀತು?

ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಹೆಣ್ಣುಮಕ್ಕಳನ್ನು ಇಲ್ಲಿ ನೆನೆಯದಿದ್ದರೆ ಲೇಖನ ಅರ್ಧವಾದೀತು. ವಿಜಯಪುರದ ಕಡೆಯಿಂದಲೋ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದಲೋ ಬಂದು ಊರ ಹೊರಗೆ ತಾಡಪತ್ರಿಯ ಗುಡಿಸಲಿನಲ್ಲಿ ನಾಲ್ಕೈದು ತಿಂಗಳು ಇರುವ ಇವರಲ್ಲಿ ಬಸುರಿಯರೂ ಇರುತ್ತಾರೆ. ಮೂರು ಕಲ್ಲಿನ ಒಲೆ, ಹಸಿ ರವದಿಯ ಉರಿ, ನಡುರಾತ್ರಿಯಲ್ಲಿ ಟ್ರ್ಯಾಕ್ಟರಿಗೆ ಕಬ್ಬು ಹೇರುವ ದುಡಿಮೆ. ಇವರ ಹೆಸರು ನಮ್ಮೂರ ಅಂಗನವಾಡಿಯ ಪಟ್ಟಿಯಲ್ಲಿ ಇರುವುದಿಲ್ಲ, ತಮ್ಮೂರ ಪಟ್ಟಿಯಲ್ಲಿದ್ದರೂ ಅಲ್ಲಿ ಉಣ್ಣಲು ಅವರಿಲ್ಲ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅವರ ಪಾಲಿಗೂ ಬರುವಂತೆ ಮಾಡಲು ಹೊಲದ ಯಜಮಾನನು ಆಶಾ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೆ ಸಾಕು. ನಮ್ಮ ಹೊಲದ ಕಬ್ಬು ಕಡಿಯುವವರ ಕೂಸು ನಮ್ಮ ಲೆಕ್ಕಕ್ಕೆ ಸೇರದೆಂದು ದಾಸೋಹದ ಸಂಸ್ಕಾರದವರು ಹೇಳಲಾರರೆಂದು ನಂಬಿದ್ದೇವೆ.

ಇನ್ನು ಮಾಡತಕ್ಕದ್ದೇನು ಎಂಬ ವಿಚಾರ. ಹೊಗೆರಹಿತ ಒಲೆಯ ಮಾತನ್ನು ಹಿಂದಿನ ತಲೆಮಾರಿನವರು ಕೇಳಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆಲ್ಲ ಹೋಯಿತು. ಚಿಮಣಿಯನ್ನು ಆಗಾಗ ಮಸಿ ತೆಗೆದು ಚೊಕ್ಕ ಮಾಡಿದ ಮನೆಗಳಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿತು. ಮಾಡದ ಮನೆಗಳಲ್ಲಿ ಒಡೆದುಹೋಯಿತು. ಕೊಪ್ಪಳ ಜಿಲ್ಲೆಯಲ್ಲಿ ಹಂಚಿದ ಸುಧಾರಿತ ಒಲೆಗಳನ್ನು ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಅಡುಗೆಮನೆಯ ಗಾಳಿ ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲವೆಂದು ಹೇಳಿತು. ಆದ್ದರಿಂದ ಬಸುರಿಯಿರುವ ಮನೆಯಲ್ಲಿ ಆ ಒಂಬತ್ತು ತಿಂಗಳಾದರೂ ರೊಟ್ಟಿಯನ್ನೂ ಗ್ಯಾಸಿನ ಮೇಲೆಯೇ ಬೇಯಿಸುವುದು ಮೇಲು. ಒಂದು ವರ್ಷದ ರುಚಿಯನ್ನು ಮನೆಯ ಯಜಮಾನ ಬಿಟ್ಟುಕೊಡಬಹುದು. ದನಕರು ಇದ್ದವರಿಗೆ ಗೋಬರ್ ಗ್ಯಾಸು ಇದೆ. ನೀರು ಕಾಯಿಸುವ ಕೆಲಸವನ್ನು ಗಂಡಸರು ವಹಿಸಿಕೊಂಡರೆ, ಹಂಡೆಯ ಒಲೆಯನ್ನು ಬಚ್ಚಲಿನಿಂದ ಹಿತ್ತಲಿಗೆ ಸರಿಸಿದರೆ ಖರ್ಚಿಲ್ಲದೆ ಅರ್ಧ ಹೊಗೆ ತಪ್ಪಿತು. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಬಾಗಿಲು ಮುಚ್ಚುವ ರೂಢಿಯೂ ಒಳ್ಳೆಯದಲ್ಲ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮಕಣ ಬಿಡುತ್ತದೆಂದು 2003ರಲ್ಲಿಯೇ ಅಳೆದು ನೋಡಿದ್ದಾರೆ. ಸೊಳ್ಳೆಪರದೆಗೆ ಈ ದೋಷವಿಲ್ಲ. ಮಠದ ಜಾತ್ರೆಗೆ ಸಾವಿರಾರು ರೊಟ್ಟಿ ಬಡಿಯುವ ಸೇವೆಗೆ ಓಣಿಯ ತಾಯಂದಿರೆಲ್ಲ ಸೇರುವಾಗ ಬಸುರಿಯರನ್ನು ಒಲೆಯಿಂದ ದೂರ, ಹಿಟ್ಟು ಸೋಸುವುದಕ್ಕೋ ಕಾಯಿಪಲ್ಯ ಹೆಚ್ಚುವುದಕ್ಕೋ ಕೂಡಿಸಬೇಕು. ಸೇವೆ ಸೇವೆಯೇ.

ನಮ್ಮ ಸಂಪ್ರದಾಯದಲ್ಲಿ ಎಂಟನೆಯ ತಿಂಗಳಿನಲ್ಲಿ ಗರ್ಭಲಿಂಗಧಾರಣೆಯ ಸಂಸ್ಕಾರವುಂಟು. ಹುಟ್ಟಲಿರುವ ಕೂಸಿಗಾಗಿ ಗುರುಗಳು ಮನೆಗೆ ಬಂದು ತಾಯಿಗೆ ಲಿಂಗವನ್ನು ಅನುಗ್ರಹಿಸುವ ದಿನ. ಈ ಎಂಟನೆಯ ತಿಂಗಳನ್ನು ಕುರಿತು ಒಂದು ಕುತೂಹಲದ ಸಂಗತಿಯಿದೆ. 2008ರಲ್ಲಿ ಚೀನಾದ ಬೀಜಿಂಗ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳಿಗಾಗಿ ಕಾರ್ಖಾನೆಗಳನ್ನೂ ವಾಹನಗಳನ್ನೂ ಕೆಲವು ವಾರ ನಿಯಂತ್ರಿಸಿ ಗಾಳಿಯನ್ನು ಚೊಕ್ಕ ಮಾಡಿದರು. ಆ ವಾರಗಳಲ್ಲಿ ಯಾವ ತಾಯಂದಿರಿಗೆ ಎಂಟನೆಯ ತಿಂಗಳು ನಡೆಯುತ್ತಿತ್ತೋ ಅವರ ಕೂಸುಗಳು, ಹಿಂದುಮುಂದಿನ ವರ್ಷಗಳ ಅದೇ ಕಾಲದ ಕೂಸುಗಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದವೆಂದು 2015ರಲ್ಲಿ ವರದಿಯಾಯಿತು. ಒಂದೇ ಊರಿನ ಒಂದೇ ಅಧ್ಯಯನ. ಅದರಿಂದ ಬಹಳ ದೊಡ್ಡ ತೀರ್ಮಾನ ತೆಗೆಯಲಾಗದು. ಆದರೂ ಸಂಸ್ಕಾರಕ್ಕೆಂದು ಮನೆಗೆ ಹೋಗುವ ಸ್ವಾಮಿಗಳು, ಅಯ್ಯನವರು ಅಡುಗೆಮನೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಒಂದು ಮಾತು ಹೇಳಿದರೆ ಆ ಮನೆಯಲ್ಲಿ ನಡೆಯುತ್ತದೆ. ವೈದ್ಯರ ಮಾತನ್ನು ಮರೆಯುವವರೂ ಗುರುಗಳ ಮಾತನ್ನು ಮೀರುವುದಿಲ್ಲ.

ಚೊಚ್ಚಲ ಹೆರಿಗೆಗೆ ಮಗಳನ್ನು ಕರೆತರುವ ತವರುಮನೆಯವರೂ ಒಂದಿಷ್ಟು ಮುಂದಾಲೋಚನೆ ಮಾಡಬೇಕು. ಬೆಳಗಾವಿಯಲ್ಲಿ ಗ್ಯಾಸಿನ ಅಡುಗೆಯ ಮನೆಯಲ್ಲಿದ್ದವಳು ಕೊನೆಯ ಎರಡು ತಿಂಗಳು ಹೊಗೆ ತುಂಬಿದ ಹಳ್ಳಿಯ ಮನೆಗೆ ಬರುವುದುಂಟು. ಆಕೆಯನ್ನು ಕರೆತರುವ ಮುನ್ನ ಅವಳ ಕೋಣೆಗೆ ಬೆಳಕಿಂಡಿ ಇದೆಯೇ, ಒಲೆಯ ಹೊಗೆ ಆ ಕಡೆಗೆ ಸರಿಯುತ್ತದೆಯೇ ಎಂದು ನೋಡಿಕೊಳ್ಳಲಿ. ಹೆರಿಗೆಯಾದ ಮೇಲೂ ಹೊಗೆ ಬಿಡುವುದಿಲ್ಲವಲ್ಲ! ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಬಾಗಿಲು ಕಿಟಕಿಗಳಿಗೆ ಅರಿವೆ ತುರುಕಿ, ಎರೆದ ಕೂಸಿಗೆ ಲೋಬಾನದ ಹೊಗೆ ಹಾಕುವುದು ನಮ್ಮಲ್ಲಿ ರೂಢಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಪ್ರಾಣಕ್ಕೇ ಅಪಾಯ. ಮೊದಲು ಹೇಳಿದ ಬಣ್ಣವಿಲ್ಲದ ವಾಸನೆಯಿಲ್ಲದ ಅನಿಲ ಅಲ್ಲಿಯೂ ಹುಟ್ಟುತ್ತದೆ. ಕೂಸಿನ ಮೈ ಬೆಚ್ಚಗಿರಬೇಕೆಂಬ ಹಿರಿಯರ ಕಾಳಜಿ ಸರಿಯಾದುದೇ. ಕಡಿಮೆ ತೂಕದ ಕೂಸಿಗಂತೂ ಬೆಚ್ಚಗಿರುವುದೇ ಅರ್ಧ ಔಷಧ. ಅದಕ್ಕೆ ಈಗ ದವಾಖಾನೆಗಳಲ್ಲಿ ಹೇಳಿಕೊಡುವ ಉಪಾಯ ಬಲು ಸರಳ. ಕೂಸಿನ ಮೈಮೇಲಿನ ಅರಿವೆ ತೆಗೆದು, ತಲೆಗೊಂದು ಕುಲಾಯಿ ಹಾಕಿ, ತಾಯಿಯ ಬರಿ ಎದೆಗೆ ಎದೆಯಾಗುವಂತೆ ಮಲಗಿಸಿ, ಮೇಲೆ ಮೆತ್ತನೆಯ ಸೀರೆ ಸುತ್ತುವುದು. ತಾಯಿ ಸ್ನಾನಕ್ಕೆ ಎದ್ದಾಗ ಅಜ್ಜಿಯಾಗಲಿ ತಂದೆಯಾಗಲಿ ಹಾಗೆಯೇ ಹೊತ್ತು ಕೂಡಬಹುದು. ಎರಡು ಕಿಲೋದ ಕೂಸೂ ಈ ಕಾವಿನಲ್ಲಿ ದಿನದಿನಕ್ಕೆ ತೂಕ ಏರುತ್ತದೆ. ವಾರಕ್ಕೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ ಕಾರ್ಡಿನಲ್ಲಿ ಬರೆಸಿಕೊಂಡು ಬರುವುದು.